ಎರಡನೇ ಗೇಟಿನ ಸಲೂನ್: ಸುರುಳಿ ಕೂದಲಿನವರು ಬೆಳಗಾವಿಯಲ್ಲಿ ಇಲ್ಲಿಗೆ ಹೋಗಿ

ತಿಲಕವಾಡಿಯಲ್ಲಿ ಎರಡನೇ ರೈಲ್ವೆ ಗೇಟ್ ದಾಟಿ ಸ್ವಲ್ಪ ಮುಂದೆ ಹೋದರೆ ಒಂದು ಸಣ್ಣ ಸಲೂನ್ ಇದೆ. ಎರಡೇ ಕುರ್ಚಿ, ಮೂಲೆಯಲ್ಲಿ ವಿಠ್ಠಲನ ಫೋಟೋ. ಕಟಿಂಗಿಗೆ 120, ದಾಡಿಗೆ 60 ರೂಪಾಯಿ. ಮಂಗಳವಾರ ಬಂದ್. ನಮ್ಮಂಥ ಕೂದಲಿನವರು ಈ ಊರಲ್ಲಿ ಎಲ್ಲಿ ಕಟಿಂಗ್ ಮಾಡಿಸಬೇಕು ಎಂದು ಕೇಳುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸಿದ್ದಿ. ಊರು ಖಾನಾಪುರ ತಾಲ್ಲೂಕಿನ ಕಾಡಿನ ಅಂಚಿಗೆ, ಕೆಲಸ ಉದ್ಯಮಬಾಗದಲ್ಲಿ ಲೇಥ್ ಮೇಲೆ. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಖಾನಾಪುರದ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯ ನಾವು 2020ರಲ್ಲಿ. ಸರ್ಕಾರದ ದಾಖಲೆ ಹೀಗೆ ಹೇಳಿದರೂ ಸಲೂನಿನ ಬಾಗಿಲಲ್ಲಿ ನಾನು ಪರದೇಶದವನೇ.

ಹೊಸ ಅಂಗಡಿಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲುತ್ತದೆ. ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲೇ ನನ್ನನ್ನು ನೋಡುತ್ತಾರೆ. ‘ವಿಚ್ ಕಂಟ್ರಿ?’ ಅಂತ ಒಬ್ಬರು ಕೇಳುತ್ತಾರೆ. ‘ಖಾನಾಪುರ್ರೀ’ ಅಂದರೆ ನಗುತ್ತಾರೆ, ನಂಬುವುದಿಲ್ಲ. ಆಮೇಲೆ ಯಾರದೋ ಕೈ ಹೇಳದೆ ಕೇಳದೆ ತಲೆಗೆ ಬರುತ್ತದೆ: ‘ಏ, ಸ್ಪ್ರಿಂಗ್ ಇದ್ದಂಗ ಐತಲೇ!’ ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ ಅಂತ ಗೊತ್ತು. ಆದರೆ ಆ ಹೊತ್ತಿಗೆ ನಾನು ನಗಲೇಬೇಕು. ಎತ್ತರದ ಆಳು, ಅಗಲ ಭುಜ, ಸುಮ್ಮನೆ ನಿಂತರೂ ಜನ ಅಳುಕುತ್ತಾರೆ. ನಗದಿದ್ದರೆ ಸಿಟ್ಟಿನವ ಅನ್ನಿಸಿಕೊಳ್ಳುತ್ತೇನೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಗೋಕಾಕ ಫಾಲ್ಸಿಗೆ ಹೆಂಡತಿ ಮಕ್ಕಳ ಜೊತೆ ಹೋದಾಗ ಸೆಲ್ಫಿ ಕೇಳುವವರ ಮುಂದೆ, ಎಲ್ಲ ಕಡೆ ಅದೇ ನಗು. ಇಡೀ ಪಾಳಿ ಲೇಥ್ ಮುಂದೆ ನಿಂತರೂ ಆಗದ ದಣಿವು ಅದರಿಂದ ಆಗುತ್ತದೆ.

ಈ ಸಲೂನಿನ ಕಾಕಾ ನನ್ನನ್ನು ಮೊದಲು ಕೇಳಿದ್ದು ಇಷ್ಟೇ: ‘ತಮ್ಮಾ, ಕುತಗಿ ಮ್ಯಾಲ ಈ ಗುಳ್ಳಿ ಯಾವಾಗಿಂದ ಅದಾವು?’

ಆ ಗುಳ್ಳೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಸುರುಳಿ ಕೂದಲನ್ನು ಚರ್ಮಕ್ಕೆ ಹತ್ತಿ ಬೋಳಿಸಿದರೆ ಅದರ ಚೂಪು ತುದಿ ಬೆಳೆಯುತ್ತ ಬಾಗಿ ಮತ್ತೆ ಚರ್ಮದೊಳಗೇ ಹೋಗುತ್ತದೆ. ಗುಳ್ಳೆ ಏಳುತ್ತದೆ, ಕೆಲವೊಮ್ಮೆ ಕೀವಾಗುತ್ತದೆ, ಕಲೆ ಉಳಿಯುತ್ತದೆ. ಎರಡು ಮೂರು ಬ್ಲೇಡಿನ ರೇಜರ್ ಇನ್ನೂ ಕೆಟ್ಟದ್ದು, ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿಬಿಡುತ್ತದೆ. ಬೇರೆ ದೇಶಗಳ ಎಷ್ಟೋ ಕಪ್ಪು ಗಂಡಸರಿಗೂ ಈ ಕಾಟ ಇದೆ. ಅಮೆರಿಕದ ಸೈನ್ಯದಲ್ಲಿ ಇದೇ ಕಾರಣಕ್ಕೆ ಡಾಕ್ಟರ ಚೀಟಿ ತಂದು ದಾಡಿ ಬಿಡಲು ಅನುಮತಿ ಪಡೆಯುತ್ತ ಬಂದವರಲ್ಲಿ ಹೆಚ್ಚಿನವರು ಕಪ್ಪು ಸೈನಿಕರು. ಹಿಂದೆ ಹೋಗುತ್ತಿದ್ದ ಅಂಗಡಿಗಳಲ್ಲಿ ನನಗೆ ‘ಚರ್ಮನ ಹಂಗೈತಿ ನಿಮ್ದು’ ಅಂತ ಹೇಳಿ ಮುಗಿಸುತ್ತಿದ್ದರು.

ಕಾಕಾ ವಸ್ತರ ಪಕ್ಕಕ್ಕಿಟ್ಟರು. ಬಿಸಿನೀರಿನಲ್ಲಿ ಹಿಂಡಿದ ಟವೆಲ್ ಮುಖಕ್ಕೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರು. ಮಶೀನನ್ನು ಕೂದಲು ಬೆಳೆದ ದಿಕ್ಕಿಗೇ ಆಡಿಸಿ, ಒಂದು ಮಿಲಿಮೀಟರಿನಷ್ಟು ಉಳಿಸಿದರು. ಉರಿಯುವ ಲೋಷನ್ ಹಚ್ಚಲಿಲ್ಲ, ತಣ್ಣನೆ ಬಟ್ಟೆ ಒತ್ತಿದರು. ಈಗ ನನ್ನ ಕುತ್ತಿಗೆ ಚೊಕ್ಕ ಇದೆ.

ತಲೆಯ ಕೆಲಸವೂ ಹಾಗೇ. ಕೈ ಹಚ್ಚುವ ಮುಂಚೆ ‘ಹಚ್ಚಲೇನ?’ ಅಂತ ಕೇಳುತ್ತಾರೆ. ಸಿಕ್ಕು ಬಿಡಿಸಲು ನೀರು, ಒಂದು ತೊಟ್ಟು ಕೊಬ್ಬರಿ ಎಣ್ಣೆ, ಅಗಲ ಹಲ್ಲಿನ ಹಣಿಗೆ, ಅದೂ ತುದಿಯಿಂದ ಬುಡಕ್ಕೆ. ಕತ್ತರಿಸುವುದು ಒಣಗಿದ ಮೇಲೆ. ನಮ್ಮ ಕೂದಲು ಒದ್ದೆಯಾದಾಗ ಉದ್ದ ಕಾಣುತ್ತದೆ, ಒಣಗಿದರೆ ಮೇಲೇರುತ್ತದೆ. ಒದ್ದೆಯಲ್ಲೇ ಕತ್ತರಿ ಹಾಕುವವರ ಕೈಯಲ್ಲಿ ತಲೆ ಕೆಡುವುದು ಇದಕ್ಕೇ. ಬದಿಗೆ ಮಶೀನಿಗೆ ಸಿಕ್ಕಿಸುವ 1 ನಂಬರಿನ ಗಾರ್ಡ್, ಅಂದರೆ 3 ಮಿಲಿಮೀಟರ್ ಕೂದಲು ಉಳಿಸುವುದು, ಮೇಲಕ್ಕೆ 2 ನಂಬರ್. ಎರಡರ ನಡುವೆ ಗೆರೆ ಕಾಣದಂತೆ ಕೂಡಿಸುವುದರಲ್ಲಿ ಅವರ ಕೈ ಬಹಳ ಚಂದ.

ಆ ಕುರ್ಚಿಯಲ್ಲಿ ನಾನು ಕಣ್ಣು ಮುಚ್ಚಿ ಕೂರುತ್ತೇನೆ. ಬೇರೆ ಸಲೂನಿನಲ್ಲಿ ಹಾಗೆ ಕೂತವನಲ್ಲ. ಒಮ್ಮೆ ಹಾಗೇ ಬಾಯಿಗೆ ಬಂತು: ಒಂದನೇ ಇಯತ್ತೆಯ ಮಗಳು ‘ಅಪ್ಪಾ, ನನ್ನ ಕೂದಲಾ ಸೀದಾ ಯಾವಾಗ ಆಗ್ತಾವು?’ ಅಂತ ಕೇಳಿದ್ದು, ನಾನು ಉತ್ತರ ಕೊಡದೆ ಅಂಗಳಕ್ಕೆ ಎದ್ದು ಹೋಗಿದ್ದು. ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ. ಕಾಕಾ ಮಶೀನ್ ಬಂದ್ ಮಾಡಿದರು. ‘ಕೂಸಿನ ಕರಕೊಂಡ ಬಾ. ಹಣಿಗಿ ಹೆಂಗ ಆಡಸೂದು ಅಂತ ನಿನಗ ಕಲಸ್ತೀನಿ’ ಅಂದರು. ಕಲಿಸಿದರು, ಅದಕ್ಕೆ ದುಡ್ಡು ಮುಟ್ಟಲಿಲ್ಲ. ಈಗ ಭಾನುವಾರ ಮಗಳ ತಲೆ ನಾನೇ ಬಾಚುತ್ತೇನೆ, ಸಣ್ಣ ಸಣ್ಣ ಜಡೆ ಹಾಕುತ್ತೇನೆ. ಅವಳು ಕನ್ನಡಿ ಹಿಡಿದು ಎಣಿಸುತ್ತಾಳೆ.

ಗಂಡಸರು ಡಾಕ್ಟರ ಮುಂದೆ ಹೇಳದ್ದನ್ನು ಇಲ್ಲಿ ಹೇಳುತ್ತಾರೆ ಅನ್ನುವುದು ನನ್ನೊಬ್ಬನ ಅನುಭವ ಅಲ್ಲ. ಲಾಸ್ ಏಂಜಲೀಸಿನ ಕಪ್ಪು ಜನರ ಕಟಿಂಗ್ ಅಂಗಡಿಗಳಲ್ಲಿ ಬಿಪಿ ಹೆಚ್ಚಿದ್ದ ಗಿರಾಕಿಗಳನ್ನು ಔಷಧ ತಜ್ಞರು ಅಲ್ಲೇ ಭೇಟಿ ಮಾಡಿ, ಅಲ್ಲೇ ಔಷಧ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಅವರ ಮೇಲಿನ ಬಿಪಿ ಸರಾಸರಿ 27 ಅಂಕ ಇಳಿಯಿತು. ‘ಡಾಕ್ಟರ ಹತ್ತಿರ ಹೋಗಿ’ ಎಂಬ ಸಲಹೆಯಷ್ಟೇ ಸಿಕ್ಕವರಲ್ಲಿ ಇಳಿದದ್ದು 9ರಷ್ಟು. ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ನಂಬಿಕೆ ಇರುವ ಕುರ್ಚಿಗೆ ಗಂಡಸು ತಪ್ಪದೆ ಬರುತ್ತಾನೆ.

ಕೊರತೆಗಳೂ ಇವೆ. ಎರಡನೇ ಕುರ್ಚಿಯ ಹುಡುಗನಿಗೆ ಈ ಕೂದಲಿನ ಅಭ್ಯಾಸ ಇನ್ನೂ ಆಗಿಲ್ಲ, ಕಾಕಾನಿಗಾಗಿಯೇ ಕಾಯಿರಿ. ಭಾನುವಾರ ತಾಸುಗಟ್ಟಲೆ ಪಾಳಿ. ಏಸಿ ಇಲ್ಲ, ಮೇ ತಿಂಗಳಲ್ಲಿ ಸೆಕೆ. ಗಾಡಿ ನಿಲ್ಲಿಸಲು ಜಾಗ ಇಲ್ಲ, ನಡೆದುಕೊಂಡು ಹೋಗುವುದು ಒಳ್ಳೆಯದು. ಕನ್ನಡ, ಮರಾಠಿ ಎರಡೂ ನಡೆಯುತ್ತವೆ, ಫೋನ್‌ಪೇ ಇದೆ.

ಬುಧವಾರ ಬೆಳಿಗ್ಗೆ ಬೇಗ ಹೋದರೆ ಅಂಗಡಿ ಖಾಲಿ ಇರುತ್ತದೆ. ದಾಡಿ ಮಾಡಿಸುವುದಿದ್ದರೆ ಗುಳ್ಳೆ ಆರುವ ತನಕ ಬೆಳೆಯಲು ಬಿಟ್ಟು, ಆಮೇಲೆ ಹೋಗಿ.