ಡಿರ್ಕ್ ವಿಲ್ಲೆಮ್ಸ್ ಎಚಿಂಗ್‌ನ ಮರುಮುದ್ರಣ: ಚಿಕ್ಕದನ್ನೇ ಕೊಳ್ಳಿ

ಡಚ್ ಕಲಾವಿದ ಯಾನ್ ಲೈಕನ್ (1649–1712) ಮೆನ್ನೊನೈಟ್ ಎಂಬ ಕ್ರೈಸ್ತ ಸಮುದಾಯದ ಹುತಾತ್ಮರ ಚರಿತ್ರೆಯೊಂದರ 1685ರ ಆವೃತ್ತಿಗಾಗಿ 104 ಎಚಿಂಗ್‌ಗಳನ್ನು (ಲೋಹದ ಫಲಕದಲ್ಲಿ ಆಮ್ಲದಿಂದ ಗೆರೆ ಕೊರೆದು ಮುದ್ರಿಸುವ ಚಿತ್ರಗಳನ್ನು) ರಚಿಸಿದ. ಅವುಗಳಲ್ಲಿ ಅತ್ಯಂತ ಹೆಸರಾದ ಡಿರ್ಕ್ ವಿಲ್ಲೆಮ್ಸ್‌ನ ಚಿತ್ರದ ಮರುಮುದ್ರಣವನ್ನು ಆನ್‌ಲೈನ್ ಅಂಗಡಿಯೊಂದರಿಂದ ಎರಡು ಅಳತೆಗಳಲ್ಲಿ ತರಿಸಿಕೊಂಡೆ.

ಚಿತ್ರದಲ್ಲಿರುವುದು ಹೆಪ್ಪುಗಟ್ಟಿದ ನೀರು. ಮಂಜುಗಡ್ಡೆ ಒಡೆದು ಮುಳುಗುತ್ತಿರುವ ಒಬ್ಬನತ್ತ ಎರಡೂ ಕೈ ಚಾಚಿ ಬಾಗಿರುವವನೇ ಡಿರ್ಕ್. ಮುಳುಗುತ್ತಿರುವವನು ಅವನನ್ನು ಹಿಡಿಯಲೆಂದೇ ಬೆನ್ನಟ್ಟಿ ಬಂದವನು. ಸೆರೆಯಿಂದ ತಪ್ಪಿಸಿಕೊಂಡಿದ್ದ ಡಿರ್ಕ್, ಹಿಂದಿರುಗಿ ಬಂದು ಇವನನ್ನು ಉಳಿಸಿದ್ದರಿಂದಲೇ ಮತ್ತೆ ಸಿಕ್ಕಿಬಿದ್ದು, 1569ರ ಮೇ 16ರಂದು ಆಸ್ಪೆರೆನ್ ಊರಿನಲ್ಲಿ ಸಜೀವ ದಹನಕ್ಕೆ ಗುರಿಯಾದ. ಮಾರಾಟಗಾರರ ವಿವರಣೆ ಇದನ್ನು ಕೇವಲ ‘ಕರುಣೆಯ ಚಿತ್ರ’ ಎಂದು ಕರೆದು ಸುಮ್ಮನಾಗುತ್ತದೆ. ನನ್ನ ಮುಖ್ಯ ತಕರಾರು ಇದೇ. ಡಿರ್ಕ್‌ನ ಮೇಲಿದ್ದ ಆರೋಪವೆಂದರೆ, ಪ್ರಾಯಕ್ಕೆ ಬಂದ ಮೇಲೆ ತಾನೇ ಒಪ್ಪಿ ಮತ್ತೊಮ್ಮೆ ದೀಕ್ಷಾಸ್ನಾನ ಪಡೆದದ್ದು ಮತ್ತು ತನ್ನ ಮನೆಯಲ್ಲಿ ಇತರರಿಗೂ ಅದಕ್ಕೆ ಅವಕಾಶ ಕೊಟ್ಟದ್ದು. ಶಿಶುವಿಗೆ ನಂಬಿಕೆಯ ಅರಿವಿರದು, ಆದ್ದರಿಂದ ಶಿಶುವಿಗೆ ದೀಕ್ಷಾಸ್ನಾನ ಸಲ್ಲದು ಎಂಬ ಈ ನಿಲುವು 1525ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಬಾರಿಗೆ ಆಚರಣೆಗೆ ಬಂದಿತ್ತು. ಮುಂದೆ ಮೆನ್ನೊ ಸೈಮನ್ಸ್ ಎಂಬ ಮಾಜಿ ಪಾದ್ರಿಯ ಹೆಸರಿನಿಂದ ಈ ನಿಲುವಿನವರ ಒಂದು ಕವಲು ಮೆನ್ನೊನೈಟ್ ಎಂದು ಗುರುತಾಯಿತು. ಇಷ್ಟು ತಿಳಿಯದವರಿಗೆ ಅವನು ಓಡುತ್ತಿದ್ದದ್ದೇಕೆ ಎಂಬುದೇ ಹೊಳೆಯುವುದಿಲ್ಲ.

ಮುದ್ರಣದ ವಿಷಯಕ್ಕೆ ಬಂದರೆ, ದೊಡ್ಡ ಅಳತೆಯ ಪ್ರತಿ ನಿರಾಸೆಯನ್ನೇ ತಂದಿತು. ಲೈಕನ್ ಈ ಚಿತ್ರವನ್ನು ಬರೆದದ್ದು ಪುಸ್ತಕದ ಪುಟದೊಳಗೆ ಕೂರುವಂತೆ. ಅವನ ಸೂಕ್ಷ್ಮ ಗೆರೆಗಳನ್ನು ಗೋಡೆಗೆ ತಕ್ಕಂತೆ ಹಿಗ್ಗಿಸಿದಾಗ ಮಂಜುಗಡ್ಡೆಯ ಮೇಲಿನ ಛಾಯೆಗಳು ಒರಟು ಪಟ್ಟೆಗಳಾಗಿ, ದಡದಲ್ಲಿ ನಿಂತವರ ಮುಖಗಳು ಬರಿಯ ಚುಕ್ಕೆಗಳಾಗಿ ಉಳಿದಿವೆ. ಚಿಕ್ಕ ಪ್ರತಿಯಲ್ಲಾದರೋ ಗೆರೆಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ಕಾಣುತ್ತವೆ, ಚಾಚಿದ ಕೈಗಳ ಬಿಗಿಯೂ ತಿಳಿಯುತ್ತದೆ. ಕಾಗದ ದಪ್ಪವಾಗಿದೆ, ಹೊಳಪಿಲ್ಲ, ಚೆನ್ನಾಗಿದೆ. ಹಳೆಯದರಂತೆ ತೋರಲೆಂದು ಬಳಿದಿರುವ ಕಂದು ಛಾಯೆ ಮಾತ್ರ ಅನಗತ್ಯ. ಬಿಳಿಯ ಕಾಗದದ ಆಯ್ಕೆಯೂ ಇರುವುದರಿಂದ ಅದನ್ನೇ ಕೇಳಿ ಪಡೆಯಬೇಕು. ಜೊತೆಗೆ ಮಾರುವ ಚೌಕಟ್ಟಿನ ಬೆಲೆ ಚಿತ್ರಕ್ಕಿಂತ ಹೆಚ್ಚು, ಮರವೂ ಹಗುರ. ಚೌಕಟ್ಟನ್ನು ನಿಮ್ಮ ಊರಿನಲ್ಲೇ ಹಾಕಿಸಿಕೊಳ್ಳುವುದು ಲೇಸು.