ಕುಮಟಾದ ಶೇಟರ ತಕ್ಕಡಿ ಮತ್ತು ನನ್ನ ಬೆಳ್ಳಿ ಡಾಲರ್‌ಗಳು

ಹತ್ತೊಂಬತ್ತನೇ ಶತಮಾನದ ಅಮೆರಿಕದ ಬೆಳ್ಳಿ ನಾಣ್ಯ ಸಂಗ್ರಹಿಸುವವರು ನಮ್ಮ ಕರಾವಳಿಯಲ್ಲಿ ಕಡಿಮೆ. ಇರುವವರಿಗೆಲ್ಲ ಒಂದೇ ಚಿಂತೆ: ಕೈಗೆ ಬಂದದ್ದು ಅಸಲಿಯೋ ನಕಲಿಯೋ ಎಂದು ಯಾರನ್ನು ಕೇಳುವುದು? ಬೆಂಗಳೂರಿನ ತನಕ ಓಡಬೇಕಾಗಿಲ್ಲ. ಕುಮಟಾ ಪೇಟೆಯಲ್ಲಿ ಹಳೆಯ ಹಂಚಿನ ಮಾಡಿನ ಒಂದು ಬೆಳ್ಳಿ ಬಂಗಾರದ ಅಂಗಡಿಯಿದೆ. ಅಲ್ಲಿನ ಶೇಟರು ನಾಣ್ಯವೊಂದಕ್ಕೆ ಐವತ್ತು ರೂಪಾಯಿ ತೆಗೆದುಕೊಂಡು ತೂಕದ ಪರೀಕ್ಷೆ, ನೀರಿನ ಪರೀಕ್ಷೆ ಎರಡನ್ನೂ ಮಾಡಿಕೊಡುತ್ತಾರೆ. ಅಂಕೋಲೆಯಿಂದ ಹೋಗಿಬರುವ ನನಗೆ ಇದಕ್ಕಿಂತ ನಂಬಿಕೆಯ ಸೇವೆ ಈ ಜಿಲ್ಲೆಯಲ್ಲಿ ಸಿಕ್ಕಿಲ್ಲ.

ಕೆಲಸಕ್ಕೆ ಕೂರುವ ಮುನ್ನ ಅವರು ಫ್ಯಾನ್ ಆರಿಸುತ್ತಾರೆ. ಗಾಳಿಯಿದ್ದರೆ ತಕ್ಕಡಿಯ ಕೊನೆಯ ಅಂಕಿ ನಿಲ್ಲುವುದಿಲ್ಲ. ನಾಣ್ಯದ ಮುಖ ಮುಟ್ಟದೆ ಅಂಚು ಹಿಡಿದು ತೂಗುತ್ತಾರೆ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ತೆಳುವಾದ ರೇಷ್ಮೆ ದಾರದಲ್ಲಿ ಕಟ್ಟಿದ ನಾಣ್ಯವನ್ನು ತಳಕ್ಕಾಗಲೀ ಬದಿಗಾಗಲೀ ತಾಗದಂತೆ ನೀರಿಗೆ ಇಳಿಬಿಡುತ್ತಾರೆ. ನಾಣ್ಯದ ಮೇಲಿರುವ ಸ್ವಾತಂತ್ರ್ಯದೇವಿ ಲಿಬರ್ಟಿಯ ಮುಡಿಯ ಉಬ್ಬುತಗ್ಗುಗಳಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಮೆತ್ತನೆಯ ಕುಂಚದಿಂದ ಒಂದೊಂದಾಗಿ ಬಿಡಿಸುತ್ತಾರೆ. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಅದರಿಂದ ಭಾಗಿಸಿದರೆ ಮುಗಿಯಿತು: ಲೋಹ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿ ಸಿಗುತ್ತದೆ, ಅದರಿಂದ ಲೋಹ ಯಾವುದೆಂದು ಅಂದಾಜಾಗುತ್ತದೆ.

1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ಅಚ್ಚಾದ ನನ್ನ ಮೋರ್ಗನ್ ಡಾಲರ್ (ವಿನ್ಯಾಸಕಾರ ಮೋರ್ಗನ್‌ನ ಹೆಸರಿನಿಂದ ಕರೆಯುವ ಬೆಳ್ಳಿ ಡಾಲರ್) 26.70 ಗ್ರಾಂ ತೂಗಿತು, ನೀರಿನಲ್ಲಿ 2.59. ಭಾಗಿಸಿದರೆ 10.31. ನೂರಕ್ಕೆ 90 ಪಾಲು ಬೆಳ್ಳಿ, 10 ಪಾಲು ತಾಮ್ರದ ಬೆರಕೆಗೆ ಬರಬೇಕಾದ ಅಂಕಿ ಅದೇ. ಹೊಸದಾಗಿದ್ದಾಗ ಅದರ ತೂಕ 26.73 ಗ್ರಾಂ ಇರಬೇಕಿತ್ತು; ಉಳಿದ ಚೂರು ಸವೆತಕ್ಕೆ ಹೋಗಿದೆ.

ಒರೆಗಲ್ಲಿಗೆ ಉಜ್ಜುವುದಿಲ್ಲ, ಆಸಿಡ್ ಮುಟ್ಟಿಸುವುದಿಲ್ಲ, ಪಾಲಿಶ್ ಮಾಡಿಕೊಡಲೇ ಎಂದು ಕೇಳುವುದಿಲ್ಲ. ನನ್ನ ಮಟ್ಟಿಗೆ ಈ ಮೂರು ‘ಇಲ್ಲ’ಗಳೇ ಅಂಗಡಿಯ ದೊಡ್ಡ ಗುಣ. ಕಪ್ಪಾದ ಬೆಳ್ಳಿಯನ್ನು ಕಂಡೊಡನೆ ತಿಕ್ಕಿ ಬೆಳಗಿಸುವ ಕೈಗಳೇ ಎಲ್ಲೆಡೆ ಇವೆ. ನೂರಾರು ವರ್ಷದ ಮೇಲ್ಮೈ ಒಮ್ಮೆ ಹೋದರೆ ಹೋಯಿತು. ತಿಕ್ಕಿದ ನಾಣ್ಯವನ್ನು ಸಂಗ್ರಾಹಕರು ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳಲು ಹಿಂಜರಿಯುತ್ತಾರೆ.

ಈ ಅಂಗಡಿಯ ಬೆಲೆ ನಿಜವಾಗಿ ಗೊತ್ತಾದದ್ದು ಟ್ರೇಡ್ ಡಾಲರ್ ವಿಷಯದಲ್ಲಿ. ಚೀನಾದ ಜೊತೆಗಿನ ವ್ಯಾಪಾರಕ್ಕೆಂದೇ ಅಮೆರಿಕ 1873ರಿಂದ ಅಚ್ಚು ಹಾಕಿದ ನಾಣ್ಯ ಅದು. ಅಲ್ಲಿನ ಚಿನಿವಾರರು ಪರೀಕ್ಷಿಸಿ ತಮ್ಮ ಮುದ್ರೆಯನ್ನು ಅದರ ಮೇಲೆ ಹೊಡೆಯುತ್ತಿದ್ದರು. ಇಂಥ ಮುದ್ರೆಗಳಿರುವ ನಾಣ್ಯವೊಂದನ್ನು ನನ್ನ ಸೋದರಳಿಯ ಸಿಂಗಾಪುರದ ಬೀದಿ ಅಂಗಡಿಯಿಂದ ತಂದುಕೊಟ್ಟಿದ್ದ. ಹದ್ದಿನ ಕೆಳಗೆ ಇಂಗ್ಲಿಷಿನಲ್ಲಿ ‘420 ಗ್ರೇನ್ಸ್, 900 ಫೈನ್’ ಎಂದು ಬರೆದಿರುವುದನ್ನು ತೋರಿಸಿದೆ. ಶೇಟರಿಗೆ ಬಹಳ ಹಿಡಿಸಿತು. ತೋಲ ಎಂದರೆ 180 ಗ್ರೇನ್, ಹಾಗಾದರೆ ಇದು ಎರಡು ತೋಲದ ಮೇಲೆ ಮೂರನೇ ಒಂದು ತೋಲ ಎಂದು ಬಾಯಿಲೆಕ್ಕದಲ್ಲೇ ಹೇಳಿಬಿಟ್ಟರು. ಗ್ರಾಂ ಲೆಕ್ಕದಲ್ಲಿ 27.22. ತಕ್ಕಡಿ ತೋರಿಸಿದ್ದು 24.10. ನೀರಿನಲ್ಲಿ 2.82, ಭಾಗಿಸಿದರೆ ಎಂಟೂವರೆಯ ಆಸುಪಾಸು.

“ಅಕ್ಕೋರೇ, ಇದು ಹಿತ್ತಾಳೆಯ ಜಾತಿ. ಮೇಲೆ ಬೆಳ್ಳಿಯ ನೀರು ಕುಡಿಸಿದ್ದಾರೆ. ತನ್ನ ತೂಕ ತಾನೇ ಬರೆದುಕೊಂಡು ಸುಳ್ಳು ಹೇಳುತ್ತಿದೆ ನೋಡಿ” ಎಂದರು. ಆ ನಾಣ್ಯಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಅಮೆರಿಕ 1918ರ ಪಿಟ್‌ಮನ್ ಕಾಯ್ದೆಯ ಪ್ರಕಾರ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು. ಅದರ ಬಹುಪಾಲು ಬೆಳ್ಳಿಯನ್ನು ಬ್ರಿಟನ್ ಕೊಂಡದ್ದು ಭಾರತದ ರೂಪಾಯಿಗಾಗಿ. ಯಾವ ಇಸವಿಯವು ಎಷ್ಟು ಕರಗಿದವು ಎಂದು ಯಾರೂ ಲೆಕ್ಕ ಇಡಲಿಲ್ಲ. ಅದಕ್ಕೇ ಟಂಕಸಾಲೆಯ ಅಂಕಿಸಂಖ್ಯೆಯೊಂದನ್ನೇ ನೋಡಿ ಯಾವ ಮೋರ್ಗನ್ ಅಪರೂಪ ಎಂದು ನಿರ್ಧರಿಸಲಾಗದು. ಇದನ್ನು ಹೇಳಿದಾಗ ಶೇಟರು ಒಳಗಿನಿಂದ ಐದನೇ ಜಾರ್ಜನ 1919ರ ರೂಪಾಯಿಯೊಂದನ್ನು ತಂದು ನನ್ನ ಡಾಲರ್‌ನ ಪಕ್ಕದಲ್ಲಿಟ್ಟರು. ಅವರ ತಂದೆ ಅದನ್ನು ಒಂದು ತೋಲದ ಬಟ್ಟಾಗಿ ಬಳಸುತ್ತಿದ್ದರಂತೆ. ಕರಗಿಹೋದ ಮೋರ್ಗನ್‌ಗಳ ಬೆಳ್ಳಿ ಅದರೊಳಗೆ ಇದ್ದರೂ ಇರಬಹುದು.

ಈ ಸೇವೆಗೆ ಒಂದು ಮಿತಿಯಿದೆ, ಅದನ್ನು ತಿಳಿದೇ ಹೋಗಬೇಕು. ಇಲ್ಲಿ ಗೊತ್ತಾಗುವುದು ಲೋಹ ಮಾತ್ರ. ಮೋರ್ಗನ್‌ಗಳಲ್ಲಿ ಎಲ್ಲರೂ ಹುಡುಕುವುದು 1893ರ ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯವನ್ನು. ಅಚ್ಚಾದದ್ದೇ ಒಂದು ಲಕ್ಷ. ಅದೇ ವರ್ಷದ ಫಿಲಡೆಲ್ಫಿಯಾ ನಾಣ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತಾದ ‘ಎಸ್’ ಅಕ್ಷರ ಅಂಟಿಸಿ ಮಾರುವವರಿದ್ದಾರೆ. ಬೆಳ್ಳಿ ಅಸಲಿ, ತೂಕ ಸರಿ. ತಕ್ಕಡಿ ಅದನ್ನು ಹಿಡಿಯಲಾರದು. ಅಸಲಿಯಲ್ಲಿ ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ಮೇಲ್ಭಾಗದಲ್ಲಿ ಓರೆಯಾದ ಒಂದು ಸಣ್ಣ ಉಬ್ಬುಗೆರೆ ಇರುತ್ತದೆ. ಅದನ್ನು ನೀವೇ ಭೂತಗನ್ನಡಿಯಲ್ಲಿ ನೋಡಬೇಕು. ಅಷ್ಟು ಬೆಲೆಯ ನಾಣ್ಯವಾದರೆ ನಾಣ್ಯ ಪರೀಕ್ಷಿಸುವ ಅಮೆರಿಕದ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ದೃಢೀಕರಿಸಿ ಮೊಹರು ಮಾಡಿದ ಪೆಟ್ಟಿಗೆಯಲ್ಲಿರುವುದನ್ನೇ ಕೊಳ್ಳಿ, ಅದರ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ತಾಳೆ ನೋಡಿ.

ನನ್ನ ದೂರು ಒಂದೇ: ಫಲಿತಾಂಶವನ್ನು ಬರೆದು ಕೊಡುವುದಿಲ್ಲ, ಬಾಯಿಮಾತಿನಲ್ಲೇ ಹೇಳುತ್ತಾರೆ. ತೂಕ, ನೀರಿನ ತೂಕ, ತಾರೀಕು, ಇಷ್ಟಿರುವ ಒಂದು ಚೀಟಿ ಕೊಟ್ಟರೆ ನಾಣ್ಯದ ಜೊತೆಗೇ ಇಡಬಹುದು. ಕೇಳಿದ್ದೇನೆ, ನೋಡೋಣ ಎಂದಿದ್ದಾರೆ. ಮದುವೆಯ ಹಂಗಾಮಿನಲ್ಲಿ ಹೋಗಬೇಡಿ, ಗಿರಾಕಿಗಳ ನಡುವೆ ಅವರಿಗೆ ಫ್ಯಾನ್ ಆರಿಸುವುದಕ್ಕೂ ಆಗುವುದಿಲ್ಲ. ಮಳೆಗಾಲದ ಮಧ್ಯಾಹ್ನ ಒಳ್ಳೆಯದು. ನಾಣ್ಯಗಳನ್ನು ಒಂದೊಂದಾಗಿ ಬೇರೆ ಬೇರೆ ಲಕೋಟೆಯಲ್ಲಿ ಒಯ್ಯಿರಿ, ಚಿಲ್ಲರೆಯೂ ಇರಲಿ.