ಕಾಲೇಜ್ ಫುಟ್‌ಬಾಲ್ ಪ್ಲೇಆಫ್: ಕೋಟಾ ಇರಲಾ, ಸಮಿತಿಗೇ ಬಿಡೋದಾ?

ಅಮೆರಿಕನ್ ಫುಟ್‌ಬಾಲ್ ಆಡುವ ಕಾಲೇಜುಗಳಲ್ಲಿ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸೀಸನ್ ಕೊನೆಯ ನಾಕೌಟ್ ಟೂರ್ನಿ, ಅಂದರೆ ಕಾಲೇಜ್ ಫುಟ್‌ಬಾಲ್ ಪ್ಲೇಆಫ್, 16 ತಂಡಗಳಿಗೆ ಬೆಳೆದರೆ ಜಾಗ ಹಂಚುವುದು ಹೇಗೆ ಅಂತ ಕೇಳಿದ್ದೀರಿ. ಕಾಲೇಜು ತಂಡಗಳು ಕಾನ್ಫರೆನ್ಸ್ ಅನ್ನುವ ಗುಂಪುಗಳಲ್ಲಿ ಆಡುತ್ತವೆ; ಬಿಗ್ ಟೆನ್, ಎಸ್‌ಇಸಿ, ಎಸಿಸಿ, ಬಿಗ್ 12 ಇವು ದೊಡ್ಡ ಕಾನ್ಫರೆನ್ಸ್‌ಗಳು. ಚರ್ಚೆಯಲ್ಲಿ ಮುಖ್ಯವಾಗಿ ಎರಡು ದಾರಿ ಕೇಳಿಬಂದಿವೆ. ಒಂದು, ಬಿಗ್ ಟೆನ್ ಒತ್ತಾಯಿಸಿದ ಕೋಟಾ: ಬಿಗ್ ಟೆನ್‌ಗೂ ಎಸ್‌ಇಸಿಗೂ ತಲಾ 4, ಎಸಿಸಿಗೂ ಬಿಗ್ 12ಕ್ಕೂ ತಲಾ 2, ಸಣ್ಣ ಕಾನ್ಫರೆನ್ಸ್‌ಗಳಿಗೆಲ್ಲ ಸೇರಿ 1, ಉಳಿದ 3 ಮುಕ್ತ, ಅಂದರೆ ಯಾವ ತಂಡಕ್ಕಾದರೂ ಸಿಗಬಹುದು. ಇನ್ನೊಂದು, 5 ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ನೇರ ಪ್ರವೇಶ, 11 ಜಾಗ ತಂಡಗಳನ್ನು ಆರಿಸುವ ಸಮಿತಿಯ ಆಯ್ಕೆ (5+11).

ಸಮಿತಿಯ ಮೇಲೆ ಜನರಿಗೆ ಸಿಟ್ಟಿರುವುದು ಸುಮ್ನೆ ಅಲ್ಲ. 2023ರಲ್ಲಿ ಫ್ಲೋರಿಡಾ ಸ್ಟೇಟ್ ಆಡಿದ 13 ಪಂದ್ಯಗಳನ್ನೂ ಗೆದ್ದು ಎಸಿಸಿ ಚಾಂಪಿಯನ್ ಆಗಿತ್ತು. ದಾಳಿ ಮುನ್ನಡೆಸುವ ಮುಖ್ಯ ಆಟಗಾರ ಕ್ವಾರ್ಟರ್‌ಬ್ಯಾಕ್‌ಗೆ ಗಾಯವಾಗಿತ್ತು ನಿಜ. ಆದರೆ ಸಮಿತಿ ಇಡೀ ತಂಡವನ್ನೇ ಹೊರಗಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಒಳಗೆ ಕರೆಯಿತು. ಮೈದಾನದಲ್ಲಿ ಗೆದ್ದದ್ದು ಮೀಟಿಂಗ್‌ನಲ್ಲಿ ಹೋಯ್ತು, ಅಲ್ವಾ? ಆಗ ಇದ್ದದ್ದು ನಾಲ್ಕೇ ಜಾಗ ಅನ್ನುವುದನ್ನೂ ನೆನಪಿಡಿ.

ಕೋಟಾ ಇದ್ದರೆ ತಮ್ಮ ಕಾನ್ಫರೆನ್ಸಿನ ಹೊರಗಿನ ಬಲಿಷ್ಠ ತಂಡದ ಜೊತೆ ಆಡಿ ಸೋಲುವ ಭಯ ಕಡಿಮೆ. ಒಳ್ಳೆಯ ಪಂದ್ಯಗಳು ಜಾಸ್ತಿ ಸಿಗಬಹುದು. ಆದರೆ ಆ ವರ್ಷ ಹೇಗೇ ಆಡಿದರೂ ದೊಡ್ಡವರ ಪಾಲು ಗ್ಯಾರಂಟಿ. ಬಸ್ ಸೀಟಿಗೆ ಮೊದಲೇ ಟವೆಲ್ ಹಾಕಿದ ಹಾಗೆ!

ನೀವು ಬಿಗ್ ಟೆನ್‌ನ ನಾಲ್ಕನೇ ಸ್ಥಾನದ ತಂಡದ ಅಭಿಮಾನಿಯಾದರೆ ಕೋಟಾನೇ ಲಾಭ. ಎಸಿಸಿ, ಬಿಗ್ 12 ಕಡೆಯವರಿಗೆ 5+11 ವಾಸಿ. ಫುಟ್‌ಬಾಲ್‌ನಲ್ಲಿ ಯಾವ ಕಾನ್ಫರೆನ್ಸಿಗೂ ಸೇರದ ನೋಟರ್ ಡೇಮ್‌ಗಂತೂ ಮುಕ್ತ ಜಾಗ ಹೆಚ್ಚಿದ್ದಷ್ಟೂ ಒಳ್ಳೆಯದು.